ಪಾಳುಬಿದ್ದ ಕಟ್ಟಡಗಳಿಗೆ ತೆರಿಗೆ ರಿಯಾಯಿತಿ: ದುರಸ್ತಿಗೋ, ಕೆಡವುವುದಕ್ಕೋ?

ಚರ್ಚೆ ಆರಂಭಿಸಿದವರು

ಪಟ್ಟಣಗಳ ನಟ್ಟನಡುವೆ ವರ್ಷಗಟ್ಟಲೆ ಬೀಗ ಹಾಕಿಕೊಂಡು, ಮಾಡು ಕುಸಿದು, ಗೋಡೆಯ ಬಿರುಕಿನಲ್ಲಿ ಗಿಡ ಬೆಳೆದು ನಿಂತಿರುವ ಕಟ್ಟಡಗಳ ಮಾತು ಬಂದಾಗಲೆಲ್ಲ, ಮಾಲೀಕರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟರೆ ಅವರು ದುರಸ್ತಿ ಮಾಡಿಸುತ್ತಾರೆ ಅಥವಾ ಕೆಡವಿಸುತ್ತಾರೆ ಎಂಬ ಸಲಹೆ ಕೇಳಿಬರುತ್ತದೆ. ಸಲಹೆಯಲ್ಲಿ ಹುರುಳಿದೆ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದನ್ನು ಇಲ್ಲಿ ಇಡುತ್ತಿದ್ದೇನೆ: ಕಟ್ಟಡವನ್ನು ಪಾಳುಬಿಡುವುದಕ್ಕೆ ಈಗಿರುವ ತೆರಿಗೆ ಪದ್ಧತಿಯೇ ಎಷ್ಟು ರಿಯಾಯಿತಿ ಕೊಡುತ್ತಿದೆ?

ಆಸ್ತಿ ತೆರಿಗೆಯನ್ನು ಕಟ್ಟಡದ ಮೌಲ್ಯದ ಮೇಲೆ ಲೆಕ್ಕ ಹಾಕುವ ಕಡೆಗಳಲ್ಲೆಲ್ಲ ಒಂದು ವಿಚಿತ್ರ ನಡೆಯುತ್ತದೆ. ಮಾಡು ಸೋರಿ, ಕಿಟಕಿ ಕಿತ್ತುಹೋಗಿ ಮೌಲ್ಯ ಇಳಿದಂತೆಲ್ಲ ತೆರಿಗೆಯೂ ಇಳಿಯುತ್ತದೆ. ಯಾರಾದರೂ ಕೈಯಿಂದ ಹಣ ಹಾಕಿ ದುರಸ್ತಿ ಮಾಡಿಸಿದರೆ ಮರುವರ್ಷವೇ ತೆರಿಗೆ ಏರುತ್ತದೆ. ಜಪಾನಿನಲ್ಲಿ ಇದು ಇನ್ನೊಂದು ರೂಪ ತಾಳಿತು. ಮನೆ ಇರುವ ನಿವೇಶನದ ಮೊದಲ 200 ಚದರ ಮೀಟರಿಗೆ ಅಲ್ಲಿ ಸ್ಥಿರಾಸ್ತಿ ತೆರಿಗೆಯ ಲೆಕ್ಕದಲ್ಲಿ ಭೂಮಿಯ ಮೌಲ್ಯದ ಆರನೇ ಒಂದು ಭಾಗವನ್ನಷ್ಟೇ ಹಿಡಿಯುತ್ತಾರೆ. ಜನರಿಗೆ ವಸತಿ ಸಿಗಲಿ ಎಂಬ ಸದುದ್ದೇಶದಿಂದ ಬಂದ ಈ ನಿಯಮ, ವಾಸಕ್ಕೆ ಯೋಗ್ಯವಲ್ಲದ ಮನೆಯನ್ನೂ ಕೆಡವದೆ ಉಳಿಸಿಕೊಳ್ಳುವುದೇ ಲಾಭವೆಂದು ಮಾಲೀಕರಿಗೆ ಹೇಳಿಕೊಟ್ಟಿತು. ಕೆಡವಿದರೆ ಕೆಡವಿದ ಖರ್ಚೂ ತಲೆಗೆ ಬರುತ್ತದೆ, ಆ ಮೇಲೆ ಪ್ರತಿವರ್ಷದ ತೆರಿಗೆಯೂ ಹೆಚ್ಚುತ್ತದೆ. 2023ರ ಸಮೀಕ್ಷೆಯ ಪ್ರಕಾರ ಅಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ ಇವೆ; ಅಂದರೆ ಒಟ್ಟು ಮನೆಗಳಲ್ಲಿ ಶೇ 13.8. ಜನಸಂಖ್ಯೆ ಕುಗ್ಗುತ್ತಿರುವುದು ಇದಕ್ಕೆ ಮುಖ್ಯ ಕಾರಣವಾದರೂ ತೆರಿಗೆಯ ಪಾಲನ್ನು ಅಲ್ಲಿನ ಸರಕಾರವೇ ಗುರುತಿಸಿತು. 2015ರಲ್ಲಿ ಜಾರಿಗೆ ಬಂದ ಕಾನೂನಿನ ಅಡಿಯಲ್ಲಿ ಅಪಾಯಕಾರಿ ಎಂದು ಗುರುತಿಸಿದ ಮನೆಯ ಮಾಲೀಕರು ಸೂಚನೆಗೆ ಕಿವಿಗೊಡದಿದ್ದರೆ ಆ ರಿಯಾಯಿತಿಯನ್ನು ಕಳೆದುಕೊಳ್ಳುತ್ತಾರೆ. 2023ರ ತಿದ್ದುಪಡಿ ಅದನ್ನು ಅಪಾಯದ ಹಂತ ಮುಟ್ಟುವ ಮೊದಲೇ, ನಿರ್ವಹಣೆ ಕೆಟ್ಟಿರುವ ಮನೆಗಳಿಗೂ ವಿಸ್ತರಿಸಿತು.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 1998ರಿಂದ ಖಾಲಿ ಇರುವ ವಾಣಿಜ್ಯ ಕಟ್ಟಡಗಳಿಗೆ ಶೇ 30, ಕೈಗಾರಿಕಾ ಕಟ್ಟಡಗಳಿಗೆ ಶೇ 35ರಷ್ಟು ಆಸ್ತಿ ತೆರಿಗೆಯನ್ನು ಮರಳಿಸುವ ಪದ್ಧತಿ ಇತ್ತು. ಬಾಡಿಗೆದಾರ ಸಿಗದೆ ಕಷ್ಟದಲ್ಲಿರುವವರಿಗೆ ನೆರವೆಂದು ತಂದ ಈ ಪದ್ಧತಿ, ಖಾಲಿ ಇಟ್ಟುಕೊಂಡೇ ಕಾಯುವವರಿಗೂ ಅಷ್ಟೇ ನೆರವಾಯಿತು. ಟೊರೊಂಟೊ ನಗರ ಅದನ್ನು 2018ರಲ್ಲಿ ನಿಲ್ಲಿಸಿತು.

ಆದ್ದರಿಂದ ಹೊಸ ರಿಯಾಯಿತಿಯನ್ನು ಘೋಷಿಸುವ ಮುನ್ನ ಇಂಥ ಹಳೆಯ, ಕಣ್ಣಿಗೆ ಬೀಳದ ರಿಯಾಯಿತಿಗಳನ್ನು ಹುಡುಕಿ ತೆಗೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಮಾಡದೆ ಹೊಸದನ್ನು ಕೊಟ್ಟರೆ ಸಾರ್ವಜನಿಕರ ಹಣ ಎರಡೂ ಕಡೆಗೆ ಎಳೆಯುತ್ತಾ ವ್ಯರ್ಥವಾಗುತ್ತದೆ.

ಲೆಕ್ಕಪರಿಶೋಧಕಿ

ಒಪ್ಪುತ್ತೇನೆ. ಆದರೆ ರಿಯಾಯಿತಿ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಅವನ್ನು ಬಿಡಿಸಿ ನೋಡದೆ ಮುಂದೆ ಹೋದರೆ ಯಾರಿಗೆ ಕೊಡುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ.

ಆದಾಯ ತೆರಿಗೆಯಲ್ಲಿ ಕೊಡುವ ರಿಯಾಯಿತಿ ದೊಡ್ಡ ಆದಾಯವಿರುವವರಿಗೆ ಮಾತ್ರ ನಿಜವಾದ ಹಣ. ಅಮೆರಿಕದ ಐತಿಹಾಸಿಕ ಕಟ್ಟಡಗಳ ಪುನರುಜ್ಜೀವನದ ತೆರಿಗೆ ಜಮೆ ಇದಕ್ಕೆ ಸ್ಪಷ್ಟ ನಿದರ್ಶನ. ಅರ್ಹ ವೆಚ್ಚದ ಶೇ 20ರಷ್ಟನ್ನು ಕಟ್ಟಬೇಕಾದ ತೆರಿಗೆಯಿಂದ ನೇರವಾಗಿ ಕಳೆಯಬಹುದು. 2017ರ ಕಾನೂನಿನ ನಂತರ ಅದನ್ನು ಐದು ವರ್ಷಗಳಿಗೆ ಹಂಚಿ ಕೊಡಲಾಗುತ್ತದೆ. ಕಟ್ಟಡ ಆದಾಯ ತರುವಂಥದ್ದಾಗಿರಬೇಕು, ಮಾಲೀಕರು ತಾವೇ ವಾಸಿಸುವ ಮನೆಗೆ ಇದು ಅನ್ವಯಿಸುವುದಿಲ್ಲ. ಕಟ್ಟಡದ ಲೆಕ್ಕಪುಸ್ತಕದ ಮೌಲ್ಯಕ್ಕಿಂತ ಹೆಚ್ಚಿನ ಹಣವನ್ನು ಸಾಮಾನ್ಯವಾಗಿ 24 ತಿಂಗಳೊಳಗೆ ದುರಸ್ತಿಗೆ ಹಾಕಿರಬೇಕು. ಐದು ವರ್ಷದೊಳಗೆ ಮಾರಿದರೆ ಪಡೆದ ಜಮೆಯಲ್ಲಿ ಒಂದು ಭಾಗವನ್ನು ಮರಳಿಸಬೇಕು. ಈ ಷರತ್ತುಗಳನ್ನು ನಾನು ಮೆಚ್ಚುತ್ತೇನೆ, ಏಕೆಂದರೆ ಬಣ್ಣ ಬಳಿದು ಕೈತೊಳೆದುಕೊಳ್ಳುವವರಿಗೆ ಇಲ್ಲಿ ದಾರಿಯಿಲ್ಲ. ಆದರೆ ಸಣ್ಣ ಪಟ್ಟಣದಲ್ಲಿ ಅಂಗಡಿಯ ಮೇಲಿನ ಎರಡು ಕೋಣೆಗಳನ್ನು ಸರಿಪಡಿಸಲು ಹೊರಟವರಿಗೆ ಕಾಗದಪತ್ರಗಳ ಖರ್ಚೇ ಈ ಜಮೆಯ ದೊಡ್ಡ ಪಾಲನ್ನು ನುಂಗಿಬಿಡುತ್ತದೆ.

ಇದೇ ದೇಶದಲ್ಲಿ 1976ಕ್ಕೆ ಮೊದಲು ಕಟ್ಟಡ ಕೆಡವಿದ ಖರ್ಚನ್ನು ಎಷ್ಟೋ ಸಂದರ್ಭಗಳಲ್ಲಿ ಆದಾಯದಿಂದ ಕಳೆಯಬಹುದಾಗಿತ್ತು. 1976ರಲ್ಲಿ ಐತಿಹಾಸಿಕ ಕಟ್ಟಡಗಳಿಗೆ ಆ ಸೌಲಭ್ಯವನ್ನು ತೆಗೆದರು, 1984ರಲ್ಲಿ ಎಲ್ಲ ಕಟ್ಟಡಗಳಿಗೂ ತೆಗೆದರು. ಈಗ ಕೆಡವಿದ ಖರ್ಚು ಭೂಮಿಯ ಮೌಲ್ಯಕ್ಕೆ ಸೇರುತ್ತದೆ, ಮತ್ತು ಭೂಮಿಗೆ ಸವಕಳಿ ಇಲ್ಲವಾದ್ದರಿಂದ ಅದನ್ನು ವರ್ಷವರ್ಷವೂ ಆದಾಯದಿಂದ ಕಳೆಯಲಾಗದು. ಚರ್ಚೆ ಆರಂಭಿಸಿದವರು ಹೇಳಿದ ಕಣ್ಣಿಗೆ ಬೀಳದ ರಿಯಾಯಿತಿಯನ್ನು ಒಂದು ದೇಶ ಹುಡುಕಿ ತೆಗೆದದ್ದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಕಡಿಮೆ.

ಬ್ರಿಟನ್ನಿನಲ್ಲಿ ಕೆಡವುವುದಕ್ಕೆ ಇಂಥ ಕಣ್ಣಿಗೆ ಬೀಳದ ರಿಯಾಯಿತಿ ಇನ್ನೂ ಉಳಿದಿದೆ. ಹೊಸ ಮನೆ ಕಟ್ಟುವುದಕ್ಕೆ ಮೌಲ್ಯವರ್ಧಿತ ತೆರಿಗೆ ಸೊನ್ನೆ. ಇರುವ ಮನೆಯನ್ನು ದುರಸ್ತಿ ಮಾಡಿಸಿದರೆ ಶೇ 20. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಖಾಲಿ ಇದ್ದ ಮನೆಯಾದರೆ ಶೇ 5ಕ್ಕೆ ಇಳಿಸುತ್ತಾರೆ ಎಂಬುದು ನಿಜ. ಆದರೂ ಪೂರ್ತಿ ಕೆಡವಿ ಹೊಸದಾಗಿ ಕಟ್ಟುವವನಿಗೆ ಸೊನ್ನೆ, ಗೋಡೆ ಉಳಿಸಿಕೊಂಡು ಮನೆಗೆ ಜೀವ ಕೊಡುವವನಿಗೆ ಐದು ಎಂಬ ವ್ಯತ್ಯಾಸಕ್ಕೆ ನನಗಂತೂ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಪಾಳುಮನೆಯ ಪಕ್ಕದ ನಿವಾಸಿ

ನಾನು ಬಹುಕಾಲದಿಂದ ಇಂಥದೊಂದು ಕಟ್ಟಡದ ಪಕ್ಕದಲ್ಲಿ ವಾಸಿಸುತ್ತಿದ್ದೇನೆ. ಮಳೆಗಾಲದಲ್ಲಿ ಅದರ ಗೋಡೆಯ ನೀರು ನಮ್ಮ ಗೋಡೆಗೆ ಇಳಿಯುತ್ತದೆ, ಬೇಸಿಗೆಯಲ್ಲಿ ಒಣಗಿದ ಕಸಕ್ಕೆ ಬೆಂಕಿ ತಗಲುವ ಭಯ. ನಮ್ಮ ಮನೆಯ ಮೌಲ್ಯವೂ ಅದರಿಂದ ಇಳಿದಿದೆ, ಆದರೆ ನಮ್ಮ ತೆರಿಗೆ ಒಂದು ವರ್ಷವೂ ತಪ್ಪಿಲ್ಲ. ಇಷ್ಟೆಲ್ಲ ಅನುಭವಿಸಿದವರ ಮುಂದೆ, ಈ ಸ್ಥಿತಿಗೆ ಕಾರಣನಾದ ಮಾಲೀಕನಿಗೆ ಬಹುಮಾನ ಕೊಡೋಣ ಎಂದರೆ ಅದನ್ನು ನ್ಯಾಯವೆಂದು ಹೇಗೆ ಒಪ್ಪುವುದು? ನಿಯತ್ತಾಗಿ ಪ್ರತಿವರ್ಷ ಮಾಡು ಸರಿಮಾಡಿಸಿಕೊಂಡು ಬಂದವರಿಗೆ ಯಾವ ರಿಯಾಯಿತಿಯೂ ಇಲ್ಲ. ಹತ್ತು ವರ್ಷ ಬಿಟ್ಟು ಹಾಳುಮಾಡಿದವರಿಗೆ ಇದೆ.

ಇನ್ನೊಂದು ಮಾತು. ಹಳೆಯ ಕಟ್ಟಡಗಳನ್ನು ಪ್ರೀತಿಸುವವರು ಕೆಡವುವುದೆಂದರೆ ಸೋಲು ಎಂಬಂತೆ ಮಾತಾಡುತ್ತಾರೆ. ಪಕ್ಕದಲ್ಲಿ ಇರುವವರಿಗೆ ಕೆಲವೊಮ್ಮೆ ಅದೇ ಬಿಡುಗಡೆ. ಎಲ್ಲ ಕಟ್ಟಡವೂ ಪರಂಪರೆಯಲ್ಲ. ಅಗ್ಗವಾಗಿ ಕಟ್ಟಿ, ಅಗ್ಗವಾಗಿಯೇ ಬಿಟ್ಟುಹೋದ ಕಟ್ಟಡಗಳೂ ಇವೆ. ಅವಕ್ಕೂ ಒಂದು ದಾರಿ ಬೇಕು.

ಕಟ್ಟಡ ಎಂಜಿನಿಯರ್

ಪಕ್ಕದ ನಿವಾಸಿಯ ನೋವು ನನಗೆ ಅರ್ಥವಾಗುತ್ತದೆ, ಮತ್ತು ಎಲ್ಲವನ್ನೂ ಉಳಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ತೆರಿಗೆಯ ನಿಯಮಗಳನ್ನು ಬರೆಯುವವರು ಕಟ್ಟಡ ಹೇಗೆ ಸಾಯುತ್ತದೆ ಎಂಬುದನ್ನು ತಿಳಿದಿರಬೇಕು. ಬಹುಪಾಲು ಕಟ್ಟಡಗಳು ಸಾಯುವುದು ನೀರಿನಿಂದ. ಮಾಡಿನ ಒಂದು ಭಾಗ ಸರಿದು, ಜಂತಿಗಳಿಗೆ ನೀರು ಇಳಿದು, ಅವು ಗೋಡೆಗೆ ಕೂರುವ ತುದಿಯಲ್ಲಿ ಕೊಳೆತು, ಒಂದು ಮಹಡಿ ಕುಸಿದು ಕೆಳಗಿನದನ್ನೂ ಎಳೆದುಕೊಂಡು ಹೋಗುತ್ತದೆ. ಮೊದಲ ಎರಡು ಮೂರು ವರ್ಷಗಳಲ್ಲಿ ಮಾಡನ್ನು ಮುಚ್ಚಿ, ಮಳೆನೀರಿನ ಕೊಳವೆಗಳನ್ನು ಸರಿಪಡಿಸಿ, ಗಾಳಿಯಾಡಲು ದಾರಿ ಬಿಟ್ಟರೆ ಆಮೇಲಿನ ದುರಸ್ತಿಯ ವೆಚ್ಚ ಎಷ್ಟೋ ಪಟ್ಟು ಕಡಿಮೆಯಾಗುತ್ತದೆ. ಆದ್ದರಿಂದ ಪೂರ್ಣ ಪುನರುಜ್ಜೀವನಕ್ಕೆ ಮಾತ್ರ ದೊಡ್ಡ ರಿಯಾಯಿತಿ ಇಟ್ಟು, ತಾತ್ಕಾಲಿಕ ರಕ್ಷಣೆಗೆ ಏನೂ ಇಡದ ಯೋಜನೆ ತಡವಾಗಿ ಬರುವ ವೈದ್ಯನಂತೆ. ಮಾಡು ಮುಚ್ಚಿದ ವರ್ಷವೇ, ಪರಿಶೀಲನೆಯ ನಂತರ, ಒಂದು ಸಣ್ಣ ನಿಗದಿತ ಕಡಿತ ಸಿಗಲಿ ಎಂದು ನಾನು ಬಹಳ ಕಾಲದಿಂದ ಕೇಳುತ್ತಿದ್ದೇನೆ.

ದಂಡ ತಪ್ಪು ಜಾಗದಲ್ಲಿ ಬಿದ್ದರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಇಂಗ್ಲೆಂಡಿನಲ್ಲಿ 2008ರ ಏಪ್ರಿಲ್‌ನಿಂದ ಖಾಲಿ ವಾಣಿಜ್ಯ ಕಟ್ಟಡಗಳಿಗೆ ಮೂರು ತಿಂಗಳ ನಂತರ, ಕೈಗಾರಿಕಾ ಕಟ್ಟಡಗಳಿಗೆ ಆರು ತಿಂಗಳ ನಂತರ ಪೂರ್ಣ ತೆರಿಗೆ ವಿಧಿಸಲು ಆರಂಭಿಸಿದರು. ಬಳಕೆಗೆ ಬರಲಿ ಎಂಬುದು ಆಶಯ. ಆದರೆ ಬಳಸಲಾಗದ ಕಟ್ಟಡಕ್ಕೆ ತೆರಿಗೆ ಇರಲಿಲ್ಲವಾದ್ದರಿಂದ ಕೆಲವು ಮಾಲೀಕರು ಸುಸ್ಥಿತಿಯಲ್ಲಿದ್ದ ಗೋದಾಮುಗಳ ಮಾಡನ್ನೇ ಕೀಳಿಸಿದರು, ಕೆಲವರು ಪೂರ್ತಿ ಕೆಡವಿದರು. ಹಾಳಾಗಿರುವ ಸ್ಥಿತಿಗೇ ವಿನಾಯಿತಿ ಸಿಗುವ ವ್ಯವಸ್ಥೆಯಲ್ಲಿ ಇದು ನಿರೀಕ್ಷಿತವೇ ಆಗಿತ್ತು.

ಕೆಡವುವುದರ ಬಗ್ಗೆ ಇಷ್ಟು: ಸಾಲುಮನೆಗಳ ನಡುವಿನ ಒಂದನ್ನು ಕೆಡವಿದರೆ ಎರಡೂ ಪಕ್ಕದ ಗೋಡೆಗಳು ಆಸರೆ ಕಳೆದುಕೊಂಡು ಮಳೆಗೆ ತೆರೆದುಕೊಳ್ಳುತ್ತವೆ. ಕಲ್ನಾರಿನ ಹಾಳೆಗಳಿದ್ದರೆ ಅವನ್ನು ಒಡೆಯುವ ಮೊದಲೇ ಬೇರ್ಪಡಿಸಬೇಕು. ನೆಲದೊಳಗಿನ ಅಡಿಪಾಯವನ್ನೂ ಹಳೆಯ ಕೊಳವೆಗಳನ್ನೂ ತೆಗೆಯದೆ ಮಣ್ಣು ಮುಚ್ಚಿದರೆ ಮುಂದೆ ಕಟ್ಟುವವನಿಗೆ ಅದೇ ತೊಡಕು. ಕೆಡವಲು ಕೊಡುವ ಯಾವುದೇ ನೆರವು ಈ ಮೂರೂ ಮುಗಿದ ಮೇಲಷ್ಟೇ ಕೈಸೇರಬೇಕು.

ವಾರಸುದಾರರಲ್ಲಿ ಒಬ್ಬ

ಹಾಳುಮಾಡಿದ ಮಾಲೀಕ ಎಂಬ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ಪಾಳುಬಿದ್ದ ಮನೆಗಳ ಹಿಂದೆ ಲಾಭಕೋರರಷ್ಟೇ ಇರುವುದಿಲ್ಲ. ಅಜ್ಜನ ಹೆಸರಿನಲ್ಲೇ ಉಳಿದ ಖಾತೆ, ಮೂರು ಊರುಗಳಲ್ಲಿ ಚದುರಿದ ಹಕ್ಕುದಾರರು, ಅವರಲ್ಲಿ ಇಬ್ಬರ ನಡುವೆ ಮಾತುಕತೆಯೇ ಇಲ್ಲ. ದುರಸ್ತಿಗೆ ಎಲ್ಲರ ಸಹಿ ಬೇಕು, ಮಾರಲೂ ಬೇಕು, ಕೆಡವಲೂ ಬೇಕು. ಇಂಥ ಕಡೆ ಶೇ 20ರ ರಿಯಾಯಿತಿ ಘೋಷಿಸಿದರೂ ಶೇ 50ರದ್ದು ಘೋಷಿಸಿದರೂ ಮನೆಯ ಬೀಗ ತೆರೆಯುವುದಿಲ್ಲ.

ಜಪಾನಿನವರು ಇದನ್ನು ಎರಡು ಕಡೆಯಿಂದ ಹಿಡಿದಿದ್ದು ನನಗೆ ಸರಿಯೆನಿಸುತ್ತದೆ. ಪಿತ್ರಾರ್ಜಿತವಾಗಿ ಬಂದ ಖಾಲಿ ಮನೆಯನ್ನು ಭೂಕಂಪ ತಾಳುವಂತೆ ಬಲಪಡಿಸಿಯೋ, ಕೆಡವಿಯೋ ಮಾರಿದರೆ, ಮಾರಾಟದ ಲಾಭದಲ್ಲಿ 3 ಕೋಟಿ ಯೆನ್‌ವರೆಗೆ ತೆರಿಗೆ ಹಾಕದೆ ಬಿಡುವ ನಿಯಮವನ್ನು ಅವರು 2016ರಲ್ಲಿ ತಂದರು. ಅದು 1981ರ ಮೇ ಅಂತ್ಯಕ್ಕೆ ಮೊದಲು ಕಟ್ಟಿದ, ಅಂದರೆ ಹಳೆಯ ಭೂಕಂಪ ನಿಯಮಗಳ ಕಾಲದ ಮನೆಗಳಿಗೆ ಸೀಮಿತ. ದುರಸ್ತಿಗೂ ಕೆಡವುವುದಕ್ಕೂ ಒಂದೇ ಸೌಲಭ್ಯ, ಆಯ್ಕೆ ಕುಟುಂಬದ್ದು. ಇನ್ನೊಂದು ಕಡೆಯಿಂದ, ವಾರಸಾಗಿ ಬಂದ ಆಸ್ತಿಯನ್ನು ತಿಳಿದ ಮೂರು ವರ್ಷದೊಳಗೆ ತಮ್ಮ ಹೆಸರಿಗೆ ನೋಂದಾಯಿಸಿಕೊಳ್ಳುವುದನ್ನು 2024ರ ಏಪ್ರಿಲ್‌ನಿಂದ ಕಡ್ಡಾಯಗೊಳಿಸಿದರು. ತೆರಿಗೆಯ ನೋಟಿಸು ಯಾರಿಗೆ ಕಳಿಸಬೇಕು ಎಂಬುದೇ ಗೊತ್ತಿಲ್ಲದಿದ್ದರೆ ರಿಯಾಯಿತಿಯೂ ದಂಡವೂ ಒಂದೇ: ಎರಡೂ ಯಾರನ್ನೂ ಮುಟ್ಟುವುದಿಲ್ಲ.

ಹಣದ ವಿಷಯವನ್ನೂ ಹೇಳಲೇಬೇಕು. ತೆರಿಗೆ ರಿಯಾಯಿತಿ ಖರ್ಚು ಮಾಡಿದ ನಂತರ ಬರುವ ಸಂಗತಿ. ಖರ್ಚು ಮಾಡಲು ಕೈಯಲ್ಲಿ ಹಣವೇ ಇಲ್ಲದವರು ಏನು ಮಾಡಬೇಕು? ಐರ್ಲೆಂಡಿನಲ್ಲಿ 2023ರಿಂದ ಖಾಲಿ ಮನೆಯ ಪುನರುಜ್ಜೀವನಕ್ಕೆ 50,000 ಯೂರೋವರೆಗೆ, ಪೂರ್ತಿ ಪಾಳುಬಿದ್ದದ್ದಕ್ಕೆ 70,000 ಯೂರೋವರೆಗೆ ನೇರ ಅನುದಾನ ಕೊಡುತ್ತಾರೆ. ಮೂಲ ಯೋಜನೆಯಲ್ಲಿ ಅದು ಕೂಡ ಕೆಲಸ ಮುಗಿದ ಮೇಲೆಯೇ ಸಿಗುವಂಥದ್ದಾಗಿತ್ತು, ಆದರೆ ತೆರಿಗೆ ಕಟ್ಟುವಷ್ಟು ಆದಾಯವಿಲ್ಲದವರಿಗೂ ಸಿಗುತ್ತದೆ ಎಂಬುದು ಸಣ್ಣ ವ್ಯತ್ಯಾಸವಲ್ಲ.

ನಿವೃತ್ತ ಕಂದಾಯ ಅಧಿಕಾರಿ

ವಸೂಲಿಯ ಮೇಜಿನ ಈಚೆ ಕುಳಿತು ಕಂಡದ್ದನ್ನು ಹೇಳುತ್ತೇನೆ. ದಂಡದ ದರವನ್ನು ಏರಿಸುವುದು ಸುಲಭ, ವಸೂಲಿ ಮಾಡುವುದು ಕಷ್ಟ. ಅದೇ ಐರ್ಲೆಂಡಿನಲ್ಲಿ 1990ರ ಕಾನೂನು ಪಾಳು ನಿವೇಶನಗಳ ಮೇಲೆ ಮಾರುಕಟ್ಟೆ ಮೌಲ್ಯದ ಶೇ 3ರಷ್ಟು ಕರವನ್ನು ವಿಧಿಸಿತ್ತು, 2020ರಿಂದ ಅದನ್ನು ಶೇ 7ಕ್ಕೆ ಏರಿಸಿದರು. ಶೇ 7 ಎಂದರೆ ಪ್ರತಿವರ್ಷ ಮೌಲ್ಯದ ಹದಿನಾಲ್ಕನೇ ಒಂದು ಭಾಗ, ಕೇಳಲು ಭಯಂಕರ. ಆದರೆ ಕರ ಬೀಳುವುದು ಸ್ಥಳೀಯ ಸಂಸ್ಥೆ ಪಟ್ಟಿಗೆ ಸೇರಿಸಿದ ನಿವೇಶನದ ಮೇಲೆ ಮಾತ್ರ. ಪಟ್ಟಿಗೆ ಸೇರಿಸಲು ಸ್ಥಳ ಪರಿಶೀಲನೆ, ನೋಟಿಸು, ಮಾಲೀಕನ ಹುಡುಕಾಟ, ಮೌಲ್ಯಮಾಪನ ಎಲ್ಲವೂ ಬೇಕು. ಸಿಬ್ಬಂದಿ ಇಲ್ಲದ ಕಡೆ ಪಟ್ಟಿ ಚಿಕ್ಕದಾಗಿರುತ್ತದೆ, ಬಾಕಿ ದೊಡ್ಡದಾಗಿರುತ್ತದೆ. ಇಂಗ್ಲೆಂಡಿನಲ್ಲಿ ಖಾಲಿ ಮನೆಗಳಿಗೆ 2024ರ ಏಪ್ರಿಲ್‌ನಿಂದ ಒಂದು ವರ್ಷದ ನಂತರವೇ ತೆರಿಗೆಯನ್ನು ಇಮ್ಮಡಿಗೊಳಿಸಬಹುದು, ಹತ್ತು ವರ್ಷ ದಾಟಿದರೆ ನಾಲ್ಕು ಪಟ್ಟಿನವರೆಗೆ ಒಯ್ಯಬಹುದು. ವಾಷಿಂಗ್ಟನ್ ನಗರದಲ್ಲಿ ಖಾಲಿ ಕಟ್ಟಡಕ್ಕೆ 100 ಡಾಲರ್ ಮೌಲ್ಯಕ್ಕೆ 5 ಡಾಲರ್, ಅಪಾಯದ ಸ್ಥಿತಿಯದಕ್ಕೆ 10 ಡಾಲರ್. ಹಂತಹಂತವಾಗಿ ಏರುವ ಈ ಕ್ರಮವನ್ನು ನಾನು ಬೆಂಬಲಿಸುತ್ತೇನೆ. ಏರುವ ದರ ಮಾಲೀಕನಿಗೆ ಕಾಲದ ಬೆಲೆಯನ್ನು ತಿಳಿಸುತ್ತದೆ.

ಆದರೆ ಬಾಕಿ ಮತ್ತು ಬಡ್ಡಿ ಸೇರಿ ಆಸ್ತಿಯ ಮೌಲ್ಯವನ್ನೇ ಮೀರಿದ ದಿನ ಮಾಲೀಕ ಕೈಬಿಟ್ಟು ಹೋಗುತ್ತಾನೆ. ಆಗ ಹರಾಜು. ಹರಾಜಿನಲ್ಲಿ ಕೊಳ್ಳುವವರು ಕೆಲವೊಮ್ಮೆ ಕಟ್ಟಡವನ್ನು ನೋಡಿಯೂ ಇರುವುದಿಲ್ಲ. ಬೆಲೆ ಏರುವವರೆಗೆ ಇಟ್ಟುಕೊಂಡು, ಏರದಿದ್ದರೆ ಅವರೂ ತೆರಿಗೆ ಕಟ್ಟದೆ ಬಿಡುತ್ತಾರೆ. ಅಮೆರಿಕದ ಮಿಷಿಗನ್ ರಾಜ್ಯ 1999ರ ಕಾನೂನಿನಿಂದ ತೆರಿಗೆ ಬಾಕಿಯ ಆಸ್ತಿಗಳು ವರ್ಷಾನುಗಟ್ಟಲೆ ನೇತಾಡುವುದನ್ನು ತಪ್ಪಿಸಿತು, 2003ರ ಕಾನೂನಿನಿಂದ ಭೂ ಬ್ಯಾಂಕುಗಳಿಗೆ, ಅಂದರೆ ಇಂಥ ಆಸ್ತಿಗಳನ್ನು ಪಡೆದು ನಿರ್ವಹಿಸುವ ಸಾರ್ವಜನಿಕ ಸಂಸ್ಥೆಗಳಿಗೆ, ಅವಕಾಶ ಕೊಟ್ಟಿತು. ಫ್ಲಿಂಟ್ ನಗರವಿರುವ ಜೆನೆಸೀ ಕೌಂಟಿಯ ಭೂ ಬ್ಯಾಂಕು ಹೀಗೆ ಬಂದ ಆಸ್ತಿಗಳ ಹಕ್ಕನ್ನು ಶುದ್ಧಗೊಳಿಸಿ, ಕೆಲವನ್ನು ದುರಸ್ತಿ ಮಾಡಿಸಿ, ಅನೇಕವನ್ನು ಕೆಡವಿಸಿ, ಸಣ್ಣ ಖಾಲಿ ನಿವೇಶನಗಳನ್ನು ಪಕ್ಕದ ಮನೆಯವರಿಗೇ ಕಡಿಮೆ ಬೆಲೆಗೆ ಕೊಡುವ ಕ್ರಮವನ್ನು ರೂಢಿಸಿತು. ಬಹುಕಾಲ ಅನುಭವಿಸಿದ ನೆರೆಯವರಿಗೆ ಏನು ಸಿಗುತ್ತದೆ ಎಂದು ಮೇಲೆ ಕೇಳಿದವರಿಗೆ ನನ್ನ ಉತ್ತರ ಇದು.

ವಾರಸುದಾರರ ಭಯವೂ ನನಗೆ ಗೊತ್ತು. ತೆರಿಗೆ ಬಾಕಿಗಾಗಿ ಆಸ್ತಿಯನ್ನು ಮಾರಿದಾಗ ಬಾಕಿಗಿಂತ ಹೆಚ್ಚು ಬಂದ ಹಣವನ್ನು ಸರಕಾರ ಇಟ್ಟುಕೊಳ್ಳುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 2023ರಲ್ಲಿ ಒಮ್ಮತದಿಂದ ತೀರ್ಪು ಕೊಟ್ಟಿದೆ. ಯಾವ ದೇಶದಲ್ಲಿ ಕಾನೂನು ಬರೆದರೂ ಈ ತತ್ವ ಅದರ ಮೊದಲ ಪುಟದಲ್ಲಿರಬೇಕು.

ಚರ್ಚೆ ಆರಂಭಿಸಿದವರು

ಇಷ್ಟು ಓದಿದ ಮೇಲೆ ಒಂದು ಮೂಲಭೂತ ಪರ್ಯಾಯವನ್ನು ಎತ್ತಬೇಕೆನಿಸುತ್ತದೆ: ಕಟ್ಟಡಕ್ಕೆ ಕಡಿಮೆ, ಭೂಮಿಗೆ ಹೆಚ್ಚು ತೆರಿಗೆ. ಆಗ ದುರಸ್ತಿ ಮಾಡಿಸಿದವನ ತೆರಿಗೆ ಏರುವುದಿಲ್ಲ, ಪಾಳುಬಿಟ್ಟವನದು ಇಳಿಯುವುದೂ ಇಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ನಗರ 1913ರಿಂದಲೇ ಭೂಮಿಗೂ ಕಟ್ಟಡಕ್ಕೂ ಬೇರೆ ಬೇರೆ ದರ ಇಟ್ಟಿತ್ತು. 1980ರ ಸುಮಾರಿಗೆ ಭೂಮಿಯ ದರ ಕಟ್ಟಡದ ದರದ ಐದು ಪಟ್ಟಿಗೂ ಮೀರಿತ್ತು. 2001ರಲ್ಲಿ ಭೂಮಿಯ ಮರುಮೌಲ್ಯಮಾಪನದ ಗದ್ದಲದಲ್ಲಿ ಅದನ್ನು ಕೈಬಿಟ್ಟರು. ಕೈಬಿಟ್ಟದ್ದಕ್ಕೆ ಮುಖ್ಯ ಕಾರಣ ಮೌಲ್ಯಗಳು ವರ್ಷಾನುಗಟ್ಟಲೆ ಹಳತಾಗಿದ್ದು ಒಮ್ಮೆಲೇ ಬದಲಾದದ್ದು ಎಂದು ನಾನು ಓದಿ ಅರ್ಥಮಾಡಿಕೊಂಡಿದ್ದೇನೆ. ತತ್ವವೇ ಸೋತಿತೆಂದು ನನಗೆ ಅನ್ನಿಸಿಲ್ಲ.

ಕಟ್ಟಡ ಎಂಜಿನಿಯರ್

ಭೂಮಿಯ ಮೇಲೆ ಭಾರ ಹೆಚ್ಚಿದಾಗ ಪಟ್ಟಣದ ನಡುವಿನ ಎರಡು ಮಹಡಿಯ ಗಟ್ಟಿ ಕಟ್ಟಡವೂ ಕೆಡವಲು ಲಾಯಕ್ಕಾಗಿ ಕಾಣತೊಡಗುತ್ತದೆ, ಏಕೆಂದರೆ ಅದೇ ಜಾಗದಲ್ಲಿ ಆರು ಮಹಡಿ ಕಟ್ಟಿದರೂ ಭೂಮಿಯ ತೆರಿಗೆ ಅಷ್ಟೇ. ಸಂರಕ್ಷಣೆಯ ನಿಯಮಗಳು ಜೊತೆಗಿಲ್ಲದಿದ್ದರೆ ನಾನು ಇದನ್ನು ಒಪ್ಪಲಾರೆ.

ಪ್ರೋತ್ಸಾಹಧನ ಯಾವ ಕೈಗೆ ತಲುಪುತ್ತದೆಯೋ ಅಲ್ಲೇ ಕಟ್ಟಡಗಳು ಬೀಳುತ್ತವೆ. ಜರ್ಮನಿಯ ಏಕೀಕರಣದ ನಂತರ ಪೂರ್ವ ಭಾಗದಲ್ಲಿ ಸುಮಾರು 10 ಲಕ್ಷ ಮನೆಗಳು ಖಾಲಿಯಾದವು. 2002ರಲ್ಲಿ ಆರಂಭವಾದ ಕಾರ್ಯಕ್ರಮದಡಿ 3 ಲಕ್ಷಕ್ಕೂ ಹೆಚ್ಚು ಮನೆಗಳನ್ನು ಕೆಡವಿದರು. ಶೇ 15ಕ್ಕಿಂತ ಹೆಚ್ಚು ಖಾಲಿ ಮನೆಗಳಿದ್ದ ವಸತಿ ಸಂಸ್ಥೆಗಳಿಗೆ, ಕೆಡವಿದ ಪ್ರತಿ ಚದರ ಮೀಟರಿಗೆ ಪೂರ್ವ ಜರ್ಮನಿಯ ಕಾಲದ ಹಳೆಯ ಸಾಲದಿಂದ ಬಿಡುಗಡೆ ಸಿಗುತ್ತಿತ್ತು. ಆದ್ದರಿಂದ ದೊಡ್ಡ ಸಂಸ್ಥೆಗಳ ಕಾಂಕ್ರೀಟ್ ಬಡಾವಣೆಗಳು ಕ್ರಮಬದ್ಧವಾಗಿ ತೆಳುವಾದವು; ಪಟ್ಟಣದ ಹಳೆಯ ಭಾಗದಲ್ಲಿ ಬಿಡಿ ಬಿಡಿ ಮಾಲೀಕರ ಕೈಯಲ್ಲಿದ್ದ ಮನೆಗಳಿಗೆ ಅಂಥ ಸಾಲವೂ ಇರಲಿಲ್ಲ, ಬಿಡುಗಡೆಯೂ ಇರಲಿಲ್ಲ. ಖಾಸಗಿ ಮಾಲೀಕರಿಗಾಗಿ ಅಲ್ಲಿ ಬೇರೆಯೇ ಒಂದು ಸಾಧನವಿದೆ: ಸಂರಕ್ಷಿತ ಕಟ್ಟಡದ ದುರಸ್ತಿ ವೆಚ್ಚವನ್ನು, ಬಾಡಿಗೆಗೆ ಕೊಟ್ಟದ್ದಾದರೆ, ಎಂಟು ವರ್ಷ ಶೇ 9ರಂತೆ, ನಂತರ ನಾಲ್ಕು ವರ್ಷ ಶೇ 7ರಂತೆ ಆದಾಯದಿಂದ ಪೂರ್ತಿ ಕಳೆಯಬಹುದು. ಕೆಲಸ ಆರಂಭಿಸುವ ಮೊದಲೇ ಸಂರಕ್ಷಣಾ ಕಚೇರಿಯ ಒಪ್ಪಿಗೆ ಪಡೆದಿರಬೇಕು ಎಂಬ ಷರತ್ತು ನನಗೆ ಬಹಳ ಮುಖ್ಯವೆನಿಸುತ್ತದೆ.

ಲೆಕ್ಕಪರಿಶೋಧಕಿ

ಪ್ರಮಾಣದ ಬಗ್ಗೆ ಒಂದು ಎಚ್ಚರಿಕೆ. ಇಟಲಿ 2020ರಲ್ಲಿ ಮನೆಗಳ ಶಕ್ತಿ ಉಳಿತಾಯದ ಮತ್ತು ಭೂಕಂಪ ರಕ್ಷಣೆಯ ಕೆಲಸಗಳಿಗೆ ವೆಚ್ಚದ ಶೇ 110ರಷ್ಟು ತೆರಿಗೆ ಜಮೆ ಕೊಟ್ಟಿತು, ಆ ಜಮೆಯನ್ನು ಬೇರೆಯವರಿಗೆ ವರ್ಗಾಯಿಸಲೂ ಬಿಟ್ಟಿತು. ಮಾಲೀಕರು ಬೆಲೆ ಕೇಳುವುದನ್ನೇ ನಿಲ್ಲಿಸಿದರು, ಕೆಲಸದ ದರಗಳು ಏರಿದವು, ಸರಕಾರದ ಹೊರೆ 10,000 ಕೋಟಿ ಯೂರೋ ದಾಟಿತು. ಮಾಲೀಕನ ಸ್ವಂತ ಹಣ ಕೆಲಸದಲ್ಲಿ ಇರಲೇಬೇಕು. ಪಾಳು ಕಟ್ಟಡಗಳಿಗೆ ನನ್ನ ಮನಸ್ಸಿಗೆ ಹೆಚ್ಚು ಒಪ್ಪುವುದು ಅಮೆರಿಕದ ಫಿಲಡೆಲ್ಫಿಯಾ ನಗರದ ಮಾದರಿ: ದುರಸ್ತಿಯಿಂದ ಏರಿದ ಮೌಲ್ಯಕ್ಕೆ ಹತ್ತು ವರ್ಷ ತೆರಿಗೆಯಿಲ್ಲ, ಮೊದಲಿದ್ದ ಮೌಲ್ಯಕ್ಕೆ ಎಂದಿನಂತೆ ತೆರಿಗೆ. ಸ್ಥಳೀಯ ಸಂಸ್ಥೆಯ ಬೊಕ್ಕಸಕ್ಕೆ ಈಗ ಬರುತ್ತಿರುವುದರಲ್ಲಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಅದನ್ನು ಹೊಸ ಕಟ್ಟಡಗಳಿಗೂ ವಿಸ್ತರಿಸಿದಾಗ ಬೇಡಿಕೆ ಇದ್ದೇ ಇದ್ದ ಬಡಾವಣೆಗಳ ಶ್ರೀಮಂತ ಮನೆಗಳಿಗೂ ಲಾಭ ಹೋಯಿತೆಂಬ ಟೀಕೆ ಬಂತು. 2022ರಿಂದ ಹೊಸ ಮನೆಗಳಿಗೆ ಆ ವಿನಾಯಿತಿ ವರ್ಷಕ್ಕೆ ಶೇ 10ರಂತೆ ಇಳಿಯುತ್ತದೆ.

ಪಾಳುಮನೆಯ ಪಕ್ಕದ ನಿವಾಸಿ

ಕೆಡವಿದ ಮೇಲೆ ಉಳಿಯುವ ಜಾಗಕ್ಕೆ ಯಾರು ಹೊಣೆ? ಬೇಲಿಯಿಲ್ಲದ ಖಾಲಿ ನಿವೇಶನ ಒಂದೇ ವರ್ಷದಲ್ಲಿ ಕಸದ ಗುಂಡಿಯಾಗುತ್ತದೆ. ಕಟ್ಟಡಕ್ಕಿಂತ ಅದು ವಾಸಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ನಿವೃತ್ತ ಕಂದಾಯ ಅಧಿಕಾರಿ

ಮಾಲೀಕನೇ ಹೊಣೆ, ಮತ್ತು ಅದನ್ನು ರಿಯಾಯಿತಿಯ ಆದೇಶದಲ್ಲೇ ಬರೆಯಬೇಕು. ಕೆಡವುವ ನೆರವು ಎರಡು ಕಂತುಗಳಲ್ಲಿ ಬರಲಿ: ಅವಶೇಷ ತೆಗೆದು ನೆಲ ಸಮಮಾಡಿ ಪಕ್ಕದ ಗೋಡೆಗಳಿಗೆ ರಕ್ಷಣೆ ಕೊಟ್ಟಾಗ ಮೊದಲನೆಯದು, ನಿವೇಶನವನ್ನು ಬೇಲಿಯೊಳಗೆ ಸ್ವಚ್ಛವಾಗಿಟ್ಟು ಎರಡು ವರ್ಷ ಕಳೆದಾಗ ಅಥವಾ ಅದಕ್ಕೂ ಮೊದಲು ಹೊಸ ಕಟ್ಟಡ ಎದ್ದಾಗ ಎರಡನೆಯದು. ಆ ಎರಡು ವರ್ಷವೂ ಭೂಮಿಯ ತೆರಿಗೆ ಕಟ್ಟಡವಿದ್ದಾಗಿನ ದರದಲ್ಲೇ ಇರಲಿ, ಜಪಾನಿನ ತೊಡಕು ಇಲ್ಲಿ ಮರುಕಳಿಸದಂತೆ. ಮೂರನೆಯ ವರ್ಷವೂ ಖಾಲಿ ಇದ್ದರೆ ಏರುವ ದರ ಆರಂಭವಾಗಲಿ. ಈ ಷರತ್ತುಗಳನ್ನು ಮಾಲೀಕನ ಹೆಸರಿನೊಂದಿಗೆ ಕಡತದಲ್ಲಿಟ್ಟರೆ ಸಾಲದು. ಆಸ್ತಿಯ ಋಣಭಾರ ದಾಖಲೆಯಲ್ಲೇ ನಮೂದಿಸಬೇಕು. ಆಗ ನಡುವೆ ಮಾರಾಟವಾದರೂ ಕೊಂಡವನು ಅವುಗಳಿಗೆ ಬದ್ಧನಾಗಿರುತ್ತಾನೆ, ಮತ್ತು ಷರತ್ತು ಮುರಿದರೆ ಕೊಟ್ಟ ಹಣವನ್ನು ಆಸ್ತಿಯಿಂದಲೇ ವಸೂಲಿ ಮಾಡಬಹುದು.